ಮೊದ್ಲು ಕಡ್ಡಿ ಎಣಿಸಿ

ಸೈಕಲ್ಲಿನ ಹಿಂದಿನ ಚಕ್ರದ ಬಲಗಡೆ ಫ್ರೀವೀಲ್ ಕೂರೋಕೆ ಹಬ್‌ನಲ್ಲೇ ಥ್ರೆಡ್ ಇರುತ್ತೆ. ಎಡಗಡೆ ಏನೂ ಇರಲ್ಲ. ಸೈಕಲ್ಲಿಗೆ ಇಂಜಿನ್ ಹಾಕೋ ಕಿಟ್‌ನಲ್ಲಿ ದೊಡ್ಡ ಸ್ಪ್ರಾಕೆಟ್ ಬರೋದು ಆ ಎಡಗಡೆಗೇ, ನೇರವಾಗಿ ಕಡ್ಡಿಗಳ ಮೇಲೆ. ಕಡ್ಡಿಗಳ ಆಚೆಗೊಂದು ಈಚೆಗೊಂದು ರಬ್ಬರ್ ಬಿಲ್ಲೆ, ಹೊರಗೆ ಸ್ಪ್ರಾಕೆಟ್, ಒಳಗೆ ಕಬ್ಬಿಣದ ಪಟ್ಟಿಗಳು, ಎಲ್ಲಾ ಸೇರಿಸಿ ಒಂಬತ್ತು ಬೋಲ್ಟ್. ಇಂಜಿನ್ನಿನ ಎಳೆತವೆಲ್ಲ ಆ ರಬ್ಬರಿನ ಹಿಡಿತದಿಂದ ಕಡ್ಡಿಗೆ, ಕಡ್ಡಿಯಿಂದ ರಿಮ್ಮಿಗೆ ಹೋಗಬೇಕು.

ಅಪ್ಪನಿಗೆ ಮಂಡಿನೋವು. ನಾಲೆ ಏರಿ ಮೇಲೆ ಸೈಕಲ್ ತುಳಿದು ಗದ್ದೆಗೆ ಹೋಗೋದು ಕಷ್ಟ ಆಗಿತ್ತು. ಸ್ಕೂಟರ್ ಅಂದ್ರೆ, ‘ಈ ವಯಸ್ಸಲ್ಲಿ ಲೈಸೆನ್ಸಿಗೆ ಅಲೀಲಾ?’ ಅಂತಾರೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಇಂಜಿನ್ನಿನ ಗಾಡಿ ಮೋಟಾರು ವಾಹನವೇ ಅಲ್ಲ. ಹಾಗಾಗಿ ಆ ಅಳತೆಯೊಳಗಿನ ಇಂಜಿನ್ ತಗೊಂಡು ಮಂಡ್ಯದ ಬಸ್ಸು ಹತ್ತಿದೆ.

ಊರಿನ ಸೈಕಲ್ ಶಾಪಿನಣ್ಣ ಕಿಟ್ ನೋಡಿ ಹೇಳಿದ್ದು ಒಂದೇ ಮಾತು: ‘ಮೊದ್ಲು ಕಡ್ಡಿ ಎಣ್ಸಿ.’ ಅಪ್ಪನ ಹಳೇ ಕಪ್ಪು ಸೈಕಲ್ಲಿನ ಹಿಂದಿನ ಚಕ್ರಕ್ಕೆ 40 ಕಡ್ಡಿ. ಒಂಬತ್ತು ಬೋಲ್ಟಿನ ಸ್ಪ್ರಾಕೆಟ್ ಕೂರೋದು 36 ಕಡ್ಡಿಗೆ, ನಾಲ್ಕು ಕಡ್ಡಿಗೊಂದು ಬೋಲ್ಟ್. 40 ಇದ್ರೆ ಯಾವುದಾದರೂ ಬೋಲ್ಟ್ ಕಡ್ಡಿಗೆ ಅಡ್ಡ ಬಂದೇ ಬರುತ್ತೆ. ಕಡ್ಡಿ ಬಗ್ಗಿಸಿ ತೂರಿಸಿದ್ರೆ ಅದು ಇವತ್ತಲ್ಲ ನಾಳೆ ಮುರಿಯುತ್ತೆ. ಕೊನೆಗೆ ಅಣ್ಣನ ಮಗ ತುಳಿಯದೇ ಬಿಟ್ಟಿದ್ದ 26 ಇಂಚಿನ ಸೈಕಲ್ ಈಚೆ ಬಂತು. ಎಣಿಸಿದ್ರೆ 36.

ಆಮೇಲೆ ಮೊದಲ ಕೆಲಸ ರಿಮ್ಮಿನ ಔಟ್ ತೆಗೆಯೋದು. ಚಕ್ರವೇ ಓಲಾಡ್ತಿದ್ರೆ ಸ್ಪ್ರಾಕೆಟ್ ನೆಟ್ಟಗಿದೆಯಾ ಅಂತ ಯಾವುದನ್ನ ನೋಡಿ ಹೇಳೋದು? ಬೋಲ್ಟುಗಳನ್ನ ಸಾಲಾಗಿ ಬಿಗಿಯೋ ಹಾಗಿಲ್ಲ. 1, 5, 9, 4, 8, 3, 7, 2, 6, ಹೀಗೆ ಹಾರಿಸ್ತಾ, ಪ್ರತಿ ಸಲ ಅರ್ಧ ಸುತ್ತು. ಫೋರ್ಕ್ ಪೈಪಿಗೆ ಪೆನ್ಸಿಲ್ ಕಟ್ಟಿ, ತುದಿ ಹಲ್ಲಿಗೆ ತಾಗೋ ಹಾಗಿಟ್ಟು ಚಕ್ರ ತಿರುಗಿಸ್ತಾ ಕೂತೆ. ಸ್ಪ್ರಾಕೆಟ್ ಹೊರಗೆ ಬಂದ ಕಡೆ ಬೋಲ್ಟ್ ಬಿಗಿದರೆ ರಬ್ಬರ್ ಒತ್ತಿಕೊಂಡು ಒಳಗೆ ಹೋಗುತ್ತೆ. ಮೇಲೆ ಕೆಳಗೆ ಆಡ್ತಿದ್ರೆ ಮಾತ್ರ ಬಿಗಿದು ಪ್ರಯೋಜನ ಇಲ್ಲ. ಎಲ್ಲಾ ಸಡಿಲ ಮಾಡಿ, ತಳ್ಳಿ, ಮತ್ತೆ ಮೊದಲಿಂದ. ಚೈನ್ ಹಾಕಿದ ಮೇಲೆ ಒಂದು ಕಡೆ ಬಿಗಿ, ಅರ್ಧ ಸುತ್ತಿಗೆ ಸಡಿಲ ಅಂದ್ರೆ ಸ್ಪ್ರಾಕೆಟ್ ಇನ್ನೂ ಮಧ್ಯಕ್ಕೆ ಬಂದಿಲ್ಲ ಅಂತಲೇ ಅರ್ಥ.

‘ಅದೇನ್ಲಾ, ಬೆಳಗಿಂದ ಅದಕ್ಕೇ ಪೂಜೆ ಮಾಡ್ತಿದ್ದೀಯ?’ ಅಂದ್ರು ಅಪ್ಪ.

ಏರಿ ರಸ್ತೆಯ ಒಂದು ಪಕ್ಕ ನಾಲೆ, ತಡೆಗೋಡೆ ಇಲ್ಲ. ಓಲಾಡೋ ಸ್ಪ್ರಾಕೆಟ್ಟಿಂದ ಚೈನ್ ಕಳಚಿ ಕಡ್ಡಿಗೆ ಸಿಕ್ಕಿಕೊಂಡ್ರೆ ಚಕ್ರ ಅಲ್ಲೇ ಲಾಕ್. ಅದನ್ನ ಅಪ್ಪನಿಗೆ ಹೇಳಲಿಲ್ಲ. ‘ಇನ್ನೊಂದು ಅರ್ಧ ಗಂಟೆ’ ಅಂದೆ.

ರಬ್ಬರ್ ಹೊಸದಿದ್ದಾಗ ಕೂರ್ತಾ ಹೋಗುತ್ತೆ, ಬೋಲ್ಟ್ ಸಡಿಲ ಆಗುತ್ತೆ. ಅದಕ್ಕೇ ಈಗ ಭಾನುವಾರದ ಫೋನಿನಲ್ಲಿ ಮಳೆ, ಭತ್ತ, ಮಂಡಿನೋವು ಎಲ್ಲಾ ಆದಮೇಲೆ ‘ಬೋಲ್ಟ್ ನೋಡಿದ್ರಾ?’ ಅಂತ ಕೇಳ್ತೀನಿ. ಹೋದ ವಾರ ನಾನು ಕೇಳೋಕೆ ಮುಂಚೆ ಅವರೇ ಅಂದ್ರು: ‘ಐದನೇದು ಸ್ವಲ್ಪ ಸಡಿಲಾಗಿತ್ತು ಕಣ್ಲಾ, ಬಿಗಿದಿವ್ನಿ.’