ಜರಾಯು: ಒಂದು ಬೆಕ್ಕಿನ ಬಾಣಂತನದ ನೆಪದಲ್ಲಿ

ಸ್ವಾಮಿ ಕಾರ್ತಿಕೇಯನ ಪ್ರಾಕೃತ ಕೃತಿ ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಅನರ್ಥದಂಡವನ್ನು ವಿವರಿಸುವ ಒಂದು ಗಾಥೆಯಿದೆ. ಪ್ರಯೋಜನವಿಲ್ಲದೆ ಹಿಂಸೆಗೆ ಎಡೆಮಾಡಿಕೊಡುವ ಕೆಲಸಗಳನ್ನು ಎಣಿಸುತ್ತ ಅದು ಆಯುಧಗಳ ಮಾರಾಟಕ್ಕಿಂತಲೂ ಮೊದಲು ಹೆಸರಿಸುವುದು ಬೆಕ್ಕು ಮೊದಲಾದ ಪ್ರಾಣಿಗಳನ್ನು ಸಾಕುವುದನ್ನು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು 1960ರಲ್ಲಿ ಸಂಪಾದಿಸಿ ಪ್ರಕಟಿಸಿದ ಈ ಗ್ರಂಥವನ್ನು ನಾನು ಹಲವು ವರ್ಷ ಪಾಠ ಹೇಳಿದ್ದೇನೆ. ಆ ಗಾಥೆ ಬಂದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಿದ್ದರು. ನಾನೂ ನಕ್ಕು ಮುಂದೆ ಹೋಗುತ್ತಿದ್ದೆ. ಬೆಕ್ಕೊಂದು ಬಸುರಿಯಾಗಿ ನನ್ನ ಮನೆಯನ್ನೇ ತವರಾಗಿ ಆರಿಸಿಕೊಂಡ ಮೇಲೆ ಆ ನಗೆ ಉಳಿಯಲಿಲ್ಲ.

ನಿವೃತ್ತಿಯ ಬಳಿಕ ನಾನು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ನೆಲೆಸಿದ್ದೇನೆ. ಮಳೆ ಕಡಮೆಯ ಸೀಮೆಯಿದು. ಮೆಕ್ಕೆಜೋಳದ ಚೀಲಗಳು ಮನೆಗೆ ಬಂದರೆ ಅವುಗಳ ಹಿಂದೆಯೇ ಇಲಿಗಳೂ, ಇಲಿಗಳ ಹಿಂದೆ ಬೆಕ್ಕೂ ಬರುತ್ತವೆ. ಬೂದಿ ಬಣ್ಣದ ಈ ಬೆಕ್ಕು ಬಂದದ್ದೂ ಹಾಗೆಯೇ. ಅದನ್ನು ‘ಸಾಕಿದೆ’ ಎನ್ನಲು ನನಗೆ ಧೈರ್ಯ ಸಾಲದು. ಅದು ಬಂತು, ನಾನು ಓಡಿಸಲಿಲ್ಲ, ಅಷ್ಟೆ. ಆದರೆ ಮೊಲೆಗಳು ಗುಲಾಬಿ ಬಣ್ಣಕ್ಕೆ ತಿರುಗಿ, ಹೊಟ್ಟೆ ಎರಡೂ ಪಕ್ಕಕ್ಕೆ ಹರಡಿಕೊಂಡಾಗ ‘ಓಡಿಸಲಿಲ್ಲ’ ಎಂಬ ಮಾತಿನ ಮರೆಯಲ್ಲಿ ನಿಲ್ಲುವುದು ಸಾಧ್ಯವಾಗಲಿಲ್ಲ.

ಪಶುವೈದ್ಯರನ್ನು ವಿಚಾರಿಸಿದೆ. ಬೆಕ್ಕಿನ ಗರ್ಭಾವಧಿ ಸುಮಾರು 63ರಿಂದ 65 ದಿನ. ಅದು ಹಗುರವಾಗಿ ಹೊಕ್ಕು ಹೊರಡುವಂತೆ ತಗ್ಗಾದ ಬಾಯಿಯ ರಟ್ಟಿನ ಪೆಟ್ಟಿಗೆಯೊಂದನ್ನು ಕತ್ತಲೆಯ, ಜನಸಂಚಾರವಿಲ್ಲದ ಮೂಲೆಯಲ್ಲಿಡಬೇಕು. ಒಳಗೆ ಹಳೆಯ ಹತ್ತಿಬಟ್ಟೆ ಹಾಸಬೇಕು. ಮೈಯ ಉಷ್ಣತೆ 37.8 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಬಲವಾದ ನೋವು ಅರ್ಧ ಗಂಟೆ ಕಳೆದರೂ ಮರಿ ಬಾರದಿದ್ದರೆ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಇವೆಲ್ಲ ಸುಲಭದ ಮಾತುಗಳು. ಕಷ್ಟದ್ದು ಆಹಾರ. ನಮ್ಮ ಮನೆಯ ಹಾಲು-ಅನ್ನ ಬಸುರಿ ಬೆಕ್ಕಿಗೆ ಸಾಲದು. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ-ಮೀನುಗಳಿಂದಲೇ ಅದು ದೊರೆಯಬೇಕು. ಅದರ ಕೊರತೆಯಾದರೆ ತಾಯಿಯ ಕಣ್ಣು, ಹೃದಯಗಳಿಗೂ ಗರ್ಭದ ಮರಿಗಳಿಗೂ ಕೇಡು. ಮೇಲೆ ಮೀನಿನ ಚಿತ್ರವಿದ್ದ ಪೊಟ್ಟಣವನ್ನು ಕೈಚೀಲದ ತಳದಲ್ಲಿಟ್ಟು ಊರಿಗೆ ಬಸ್ಸು ಹತ್ತಿದೆ. ಗಾಥೆ ನಗೆಯ ವಿಷಯವಾಗಿರಲಿಲ್ಲವೆಂಬುದು ಅಂದು ತಿಳಿಯಿತು. ಬೆಕ್ಕನ್ನು ಸಾಕುವವನು ಬೆಕ್ಕೊಂದನ್ನೇ ಸಾಕುವುದಿಲ್ಲ, ಅದರ ಬೇಟೆಯನ್ನೂ ಸಾಕುತ್ತಾನೆ. ಆ ಮಾತಿನಲ್ಲಿ ಅತಿಶಯವೇನೂ ಇಲ್ಲ.

ಪೆಟ್ಟಿಗೆಯನ್ನು ಓದುವ ಕೋಣೆಯಲ್ಲಿಟ್ಟೆ. ಬೆಕ್ಕು ಮೂಸಿ ನೋಡಿ, ಹಸ್ತಪ್ರತಿಗಳ ನಕಲುಗಳಿದ್ದ ಕಪಾಟಿನ ಕೆಳಖಾನೆಗೆ ಹೋಗಿ ಮಲಗಿತು. ಕಾಗದಗಳನ್ನು ಮೇಲಿನ ಖಾನೆಗೆ ಸಾಗಿಸಿ, ಕೌದಿಯ ತುಂಡೊಂದನ್ನು ಅಲ್ಲಿಯೇ ಹಾಸಿದೆ. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು. “ಬೆಕ್ಕು ಇವತ್ತೋ ನಾಳೆಯೋ ಹೆರುತ್ತದೆ, ಅಜ್ಜೀ” ಎಂದೆ. “ಬೆಕ್ಕು ಎಲ್ಲಾದ್ರೂ ಹೆರ್ತೈತೇನು ಮೇಷ್ಟ್ರೇ? ಹೆರೋರು ನಾವು. ಎಮ್ಮೆ ಈಯ್ತೈತೆ, ಬೆಕ್ಕು ಮರಿ ಹಾಕ್ತೈತೆ” ಎಂದು ತಿದ್ದಿದಳು. ಹೆರು ಎಂಬುದು ಹಳಗನ್ನಡದ ಪೆಱು, ‘ಪಡೆ’ ಎಂಬ ಅರ್ಥವೂ ಅದಕ್ಕುಂಟು. ಈಯು ಎಂಬುದು ಈನ್ ಧಾತುವಿನಿಂದ ಬಂದದ್ದು. ವ್ಯುತ್ಪತ್ತಿಯನ್ನು ನಾನು ಬಲ್ಲೆ. ಯಾರು ಪಡೆಯುತ್ತಾರೆ, ಯಾರು ಹಾಕುತ್ತಾರೆ ಎಂಬ ಗೆರೆಯನ್ನು ಅಷ್ಟು ನಿಸ್ಸಂಶಯವಾಗಿ ಎಳೆಯಬಲ್ಲವಳು ಅಜ್ಜಿ.

ಆ ರಾತ್ರಿಯೇ ನೋವು ಕಾಣಿಸಿತು. ಮೊದಲ ಮರಿ ಹತ್ತೂವರೆಗೆ, ಎರಡನೆಯದು ಅರ್ಧ ಗಂಟೆಯ ಬಳಿಕ. ತಾಯಿ ಎರಡನೆಯದನ್ನು ನೆಕ್ಕುತ್ತಿರುವಾಗಲೇ ಮೂರನೆಯದು ಜಾರಿ ಬಂತು. ಅದು ಮರಿಯಂತಿರಲಿಲ್ಲ, ನೀರು ತುಂಬಿದ ತೆಳುವಾದ ಚೀಲದಂತಿತ್ತು. ತಾಯಿ ಅತ್ತ ತಿರುಗಲಿಲ್ಲ. ‘ಕೈಹಾಕಬೇಡಿ, ಅದರ ಪಾಡಿಗೆ ಬಿಡಿ’ ಎಂದು ಓದಿದ್ದ ಮಾತೇ ನನ್ನ ತಲೆಯಲ್ಲಿತ್ತು. ತಾಯಿ ಬಿಟ್ಟ ಮರಿಯ ಪೊರೆಯನ್ನು ಕೂಡಲೇ ಹರಿಯಬೇಕೆಂಬ ಮಾತನ್ನೂ ಓದಿದ್ದೆ, ಅದು ನೆನಪಿಗೆ ಬರಲಿಲ್ಲ. ಸುಮ್ಮನೆ ನಿಂತೆ. “ಮಾಸು ಹರೀರಿ ಮೇಷ್ಟ್ರೇ, ಉಸ್ರು ಕಟ್ತೈತೆ!” ಎಂದು ಅಜ್ಜಿ ಕೂಗಿದಳು. ಬೆರಳಿನಿಂದ ಮೂತಿಯ ಬಳಿ ಪೊರೆಯನ್ನು ಹರಿದೆ. ಮೂಗು-ಬಾಯಿಗಳ ಲೋಳೆ ಒರೆಸಿ, ಒಣಬಟ್ಟೆಯಲ್ಲಿ ಬೆನ್ನನ್ನು ತಿಕ್ಕಿದೆ. ಏನೂ ಆಗಲಿಲ್ಲ. ಇನ್ನೂ ತಿಕ್ಕಿದೆ. ಕೊನೆಗೆ ಸೂಜಿಯಷ್ಟು ಸಣ್ಣದೊಂದು ದನಿ ಬಂತು. ತಾಯಿ ಕಿವಿ ನಿಮಿರಿಸಿ ನನ್ನ ಅಂಗೈಯತ್ತ ನೋಡಿತು.

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಗರ್ಭಜನ್ಮವನ್ನು ಜರಾಯುಜ, ಅಂಡಜ, ಪೋತ ಎಂದು ಮೂರಾಗಿ ವಿಂಗಡಿಸುತ್ತದೆ. ಜರಾಯುವೆಂದರೆ ಬಲೆಯಂತೆ ಪ್ರಾಣಿಯನ್ನು ಸುತ್ತಿಕೊಂಡಿರುವ ರಕ್ತಮಾಂಸಮಯ ಆವರಣವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಕಪ್ಪುಹಲಗೆಯ ಮೇಲೆ ಈ ಮೂರು ಪದಗಳನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದು ಪ್ರಾಣವನ್ನು ಕಾಪಾಡುವ ಪೊರೆ, ಸಕಾಲದಲ್ಲಿ ಹರಿಯದಿದ್ದರೆ ಪ್ರಾಣವನ್ನೇ ಕಟ್ಟಿಹಾಕುವ ಬಲೆ. ಟೀಕಾಕಾರರು ಬಲೆಯ ಉಪಮೆಯನ್ನೇ ಏಕೆ ಆರಿಸಿದರೆಂಬುದು ನನ್ನ ಬೆರಳಿಗೆ ಅಂಟಿದ ಮೇಲೆ ಹೊಳೆಯಿತು.

ಅನರ್ಥದಂಡಗಳ ಪಟ್ಟಿಯಲ್ಲಿ ಪ್ರಮಾದಚರ್ಯೆ ಎಂಬ ಇನ್ನೊಂದೂ ಇದೆ. ನೆಲವನ್ನು ವೃಥಾ ಅಗೆಯುವುದು, ನೀರನ್ನು ವೃಥಾ ಚೆಲ್ಲುವುದು ಮೊದಲಾದುವನ್ನು ಅದಕ್ಕೆ ಉದಾಹರಿಸುವುದು ವಾಡಿಕೆ. ಪುಸ್ತಕದ ಒಂದು ವಾಕ್ಯವನ್ನು ನೆಚ್ಚಿ ಕೈಕಟ್ಟಿ ನಿಂತ ಆ ಒಂದು ನಿಮಿಷವನ್ನೂ ನನ್ನ ಮಟ್ಟಿಗೆ ಆ ಪಟ್ಟಿಗೆ ಸೇರಿಸಿಕೊಂಡಿದ್ದೇನೆ. ಹಾಗೆಂದು ಮಾರ್ಜಾಲದ ಗಾಥೆಯಿಂದ ನನಗೆ ವಿನಾಯಿತಿ ದೊರೆಯಿತೆಂದಲ್ಲ. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ನಿಶ್ಚಯಿಸಿದ್ದೇನೆ. ಎರಡು ಮರಿಗಳನ್ನು ಒಯ್ಯಲು ಒಪ್ಪಿದ ಮನೆಯವರಿಗೂ ಅದೇ ಕರಾರು. ಹಿಂಸೆಯ ಲೆಕ್ಕ ಇದರಿಂದ ಚುಕ್ತಾ ಆಗುವುದಿಲ್ಲ, ಬೆಳೆಯುವುದು ನಿಲ್ಲಬಹುದು.

ಒಂಬತ್ತನೆಯ ದಿನ ಮರಿಗಳ ಕಣ್ಣು ಬಿರಿಯತೊಡಗಿತು. ಮರುದಿನ ಬೆಳಗ್ಗೆ ಕಪಾಟಿನ ಖಾನೆ ಬರಿದಾಗಿತ್ತು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆಂಬ ಮಾತಿದೆಯಲ್ಲ. ಹುಡುಕಿದರೆ ಮೆಕ್ಕೆಜೋಳದ ಚೀಲಗಳ ಸಂದಿಯಲ್ಲಿ ಮೂರೂ ಇದ್ದವು. ಕಾಗದಗಳನ್ನು ಇನ್ನೂ ಕೆಳಖಾನೆಗೆ ಇಳಿಸಿಲ್ಲ.