ಕುರುವತ್ತಿಯ ಹೊಳೆದಂಡೆಯಲ್ಲಿ

ಹೋದ ಭಾನುವಾರ ಮಗ, ಮಗಳನ್ನು ಕರೆದುಕೊಂಡು ಕುರುವತ್ತಿಗೆ ಹೊರಟೆ. ಕೊಟ್ಟೂರಿನಿಂದ ಹಡಗಲಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಿಟಕಿ ಪಕ್ಕದ ಸೀಟಿಗಾಗಿ ದಾರಿಯುದ್ದಕ್ಕೂ ಇಬ್ಬರ ಜಗಳ.

ಕುರುವತ್ತಿಯ ಮಲ್ಲಿಕಾರ್ಜುನ ಗುಡಿ ಚಾಲುಕ್ಯರ ಕಾಲದ್ದು. ಬಾಗಿಲ ಬಳಿಯ ಮದನಿಕೆಯರನ್ನು ಕಂಡು ಜಗಳ ಮರೆತರು. ತುಂಗಭದ್ರೆಯ ದಂಡೆಯಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದೆವು. ಉಣ್ಣುತ್ತ ಅವರಿಗೊಂದು ಕಥೆ ಹೇಳಿದೆ.

ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ವಾಸಿಯಾಗದ ಜ್ವರದಿಂದ ಬಳಲಿ, 1068ರಲ್ಲಿ ಇದೇ ಕುರುವತ್ತಿಯ ಹೊಳೆಯಲ್ಲಿ ಜಲಸಮಾಧಿಯಾದ. ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟವೇರಿದ. ದಂಡಯಾತ್ರೆಯಲ್ಲಿದ್ದ ತಮ್ಮ ವಿಕ್ರಮಾದಿತ್ಯ ಸುದ್ದಿ ಕೇಳಿ ಮರಳಿದಾಗ ಅಣ್ಣ ಪ್ರೀತಿಯಿಂದ ಬರಮಾಡಿಕೊಂಡನಂತೆ. ಆದರೆ ದಿನ ಕಳೆದಂತೆ ಸಂಶಯ ಬೆಳೆಯಿತು. ವಿಕ್ರಮಾದಿತ್ಯ ಕಿರಿಯ ತಮ್ಮ ಜಯಸಿಂಹನೊಡನೆ ರಾಜಧಾನಿ ಬಿಟ್ಟು ಹೋದ. ಕೊನೆಗೆ ಯುದ್ಧವೇ ಆಗಿ, 1076ರಲ್ಲಿ ವಿಕ್ರಮಾದಿತ್ಯ ಸಿಂಹಾಸನ ಪಡೆದ, ಅಣ್ಣ ಸೆರೆಯಾದ.

“ಅಣ್ಣ ತಮ್ಮ ಮತ್ತೆ ಒಂದಾಗಲೇ ಇಲ್ಲವಾ?” ಮಗಳು ಕೇಳಿದಳು.

“ಇಲ್ಲಮ್ಮ. ಆದರೆ ಕಥೆ ಇನ್ನೂ ಮುಗಿದಿಲ್ಲ.”

ಕಷ್ಟಕಾಲದಲ್ಲಿ ಜೊತೆಗಿದ್ದ ಜಯಸಿಂಹನನ್ನು ವಿಕ್ರಮಾದಿತ್ಯ ಬನವಾಸಿ ನಾಡಿಗೆ ಒಡೆಯನನ್ನಾಗಿ ಮಾಡಿದ್ದ. ಕೆಲವು ವರ್ಷಗಳಲ್ಲಿ ಅವನೂ ತಿರುಗಿಬಿದ್ದ. ಸಂಧಿಯ ಮಾತಿಗೆ ಒಪ್ಪಲಿಲ್ಲ. ಯುದ್ಧದಲ್ಲಿ ಸೋತು ಕಾಡು ಸೇರಿದ, ಅಲ್ಲಿ ಸಿಕ್ಕಿಬಿದ್ದ. ಎದುರಿಗೆ ತಂದು ನಿಲ್ಲಿಸಿದಾಗ ದೊರೆ ಕತ್ತಿ ಎತ್ತಲಿಲ್ಲ, ಕನಿಕರದಿಂದ ಮಾತಾಡಿಸಿದ ಎನ್ನುತ್ತಾನೆ ಆಸ್ಥಾನಕವಿ ಬಿಲ್ಹಣ. ತನ್ನ ದೊರೆಯನ್ನು ಹೊಗಳಲೆಂದೇ ಬರೆದವನು ಅವನು. ಆದರೂ ಹೊಗಳಲು ಈ ಗುಣವನ್ನೂ ಆರಿಸಿಕೊಂಡನಲ್ಲ! ಗೆದ್ದವನೇ ಮೊದಲು ಮಾತಾಡಿದರೆ ಅದು ಸಣ್ಣತನವಲ್ಲ ಎಂದು ಅಂದಿನವರಿಗೂ ಗೊತ್ತಿತ್ತು.

ಮಗ ರೊಟ್ಟಿ ಮುರಿಯುತ್ತ ಕೇಳಿದ: “ಅಪ್ಪಾ, ನೀನು ದೊಡ್ಡಪ್ಪನ ಹತ್ತಿರ ಯಾಕೆ ಮಾತಾಡಲ್ಲ?”

ನನಗೆ ಉತ್ತರ ಹೊಳೆಯಲಿಲ್ಲ. ಹೊಲದ ಬದುವಿನ ತಕರಾರು, ನಾಲ್ಕು ವರ್ಷವಾಗಿತ್ತು. ಪಂಚರು ನನ್ನ ಕಡೆಗೇ ತೀರ್ಮಾನ ಕೊಟ್ಟಿದ್ದರು. ಗೆದ್ದವನು ನಾನೇ.

ಕೈ ತೊಳೆದುಕೊಂಡು ಫೋನು ಮಾಡಿದೆ. “ಅಣ್ಣಾ, ಕುರುವತ್ತಿಗೆ ಬಂದೀವಿ. ಈ ಸಲ ಕೊಟ್ಟೂರು ತೇರಿಗೆ ಮನೆಗೆ ಬಾ.”

ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹುಡುಗರು ಉಂಡವೇನು?” ಎಂದ.

ಮರಳುವಾಗ ಕಿಟಕಿಗೆ ಮತ್ತೆ ಜಗಳ ಶುರುವಾಯಿತು. ಹಡಗಲಿವರೆಗೆ ಅವನು, ಅಲ್ಲಿಂದ ಮುಂದೆ ಅವಳು ಎಂದು ಅವರೇ ಒಪ್ಪಂದ ಮಾಡಿಕೊಂಡರು.