ಬಸ್ಕಿ

ಕೂತರೆ ಏಳೋಕಾಗ್ತಿಲ್ಲ, ಎದ್ದರೆ ಕೂರೋಕಾಗ್ತಿಲ್ಲ. ಕಳೆದ ತಿಂಗಳ ಒಂದು ಬುಧವಾರ ಬೆಳಿಗ್ಗೆ ಇದು ನನ್ನ ಪರಿಸ್ಥಿತಿ. ನಮ್ಮ ಮನೆಯಲ್ಲಿ ಇರೋದು ಇನ್ನೂ ಹಳೇ ಕಾಲದ, ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಗೋಡೆ ಹಿಡ್ಕೊಂಡು, ನಲ್ಲಿ ಹಿಡ್ಕೊಂಡು, ಕೊನೆಗೆ ಬಾಗಿಲ ಚಿಲಕ ಹಿಡ್ಕೊಂಡು ಹೇಗೋ ಮುಗಿಸಿ ಹೊರಗೆ ಬಂದೆ. ಹೆಂಡತಿ ಕೇಳಿದಳು, "ಒಳಗೆ ಯಾರ ಜೊತೆ ಜಗಳ ಆಡ್ತಿದ್ರಿ?"

ವಿಷಯ ಇಷ್ಟೇ. 48ನೇ ವಯಸ್ಸಿಗೆ ನಾನು ಜಿಮ್ ಸೇರಿದ್ದೆ.

ಸೇರಿದ್ದು ಆಸೆಯಿಂದಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ ಇದೆಯಲ್ಲ, ಅದು 6.2 ಬಂದಿತ್ತು. ಡಾಕ್ಟರು ರಿಪೋರ್ಟ್ ನೋಡಿ, "ಇನ್ನೂ ಒಳಗೆ ಬಂದಿಲ್ಲ ಮೇಷ್ಟ್ರೇ, ಬಾಗಿಲಲ್ಲಿ ನಿಂತೈತೆ" ಅಂದರು. ವಾಕಿಂಗ್ ಮಾಡ್ತೀರಾ ಅಂತ ಕೇಳಿದರು. ಮಾಡ್ತೀನಿ ಅಂದೆ. ಸುಳ್ಳಲ್ಲ. ಆದರೆ ನಮ್ಮ ಚಳ್ಳಕೆರೆಯಲ್ಲಿ ನನ್ನಂಥವರ ವಾಕಿಂಗ್ ಅಂದರೆ ಸಂಜೆ ಮೆಣಸಿನಕಾಯಿ ಬಜ್ಜಿ ಗಾಡಿಯ ತನಕ ಹೋಗೋದು, ಒಂದು ಪ್ಲೇಟ್ ಮಂಡಕ್ಕಿ ತಿನ್ನೋದು, ವಾಪಸ್ ಬರೋದು. ಶೇಂಗಾ ಎಣ್ಣೆ ಮಿಲ್ಲುಗಳಿಂದ ಹೆಸರು ಮಾಡಿದ ಊರಲ್ಲಿದ್ದುಕೊಂಡು ಎಣ್ಣೆ ತಿನ್ನಬೇಡಿ ಅಂದರೆ ಹೇಗೆ ಸ್ವಾಮಿ?

ಇರಲಿ. ಜಿಮ್ಮು ಇರೋದು ಮೊದಲನೇ ಮಹಡಿಯಲ್ಲಿ (ಈ ಮಹಡಿ ವಿಷಯ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ). ಸೋಮವಾರ ಬೆಳಿಗ್ಗೆ ಆರಕ್ಕೆ ಮೆಟ್ಟಿಲು ಹತ್ತಿ ಒಳಗೆ ಹೋದೆ. ಟ್ರೇನರ್ ಹುಡುಗ ನನ್ನ ನೋಡಿದ್ದೇ ಕೈಲಿದ್ದ ಡಂಬೆಲ್ ಕೆಳಗಿಟ್ಟು ನಮಸ್ಕಾರ ಮಾಡಿದ.

"ಸಾರ್, ನೀವಾ!"

ನನಗೆ ಗುರುತು ಸಿಗಲಿಲ್ಲ. ಇಪ್ಪತ್ತು ವರ್ಷದ ಮೇಲಾಯ್ತು ಪಾಠ ಮಾಡ್ತಾ, ಊರಲ್ಲಿ ಎಲ್ಲಿ ಹೋದರೂ ಒಬ್ಬ ಹಳೇ ಶಿಷ್ಯ ಇರ್ತಾನೆ. ಬ್ಯಾಂಕಲ್ಲಿ, ಪೆಟ್ರೋಲ್ ಬಂಕಲ್ಲಿ, ಒಮ್ಮೆ ಪೊಲೀಸ್ ಸ್ಟೇಷನ್ನಲ್ಲೂ. "ಎಂಟನೇ ಕ್ಲಾಸ್ ಸಾರ್, 2009ರಲ್ಲಿ. ಸಮಾಜ ತಗೊಳ್ತಿದ್ರಿ" ಅಂದ. ಓಹೋ ಅಂದೆ. ನೆನಪಾಗಿರಲಿಲ್ಲ.

ಅವನು ನನಗೆ ಹೇಳಿದ್ದು ಬರೀ ಹತ್ತು ಬಸ್ಕಿ. ಕುರ್ಚಿ ಹಿಡ್ಕೊಂಡು, ನಿಧಾನಕ್ಕೆ. ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಹತ್ತು. ಈಗ ಅದಕ್ಕೆ ಸ್ಕ್ವಾಟ್ ಅಂತಾರೆ, ಗರಡಿ ಮನೆ ಕಾಲದಿಂದ ನಮಗೆ ಅದು ಬಸ್ಕಿಯೇ. ಹತ್ತು ಆಯ್ತು, ಏನೂ ಅನ್ನಿಸಲಿಲ್ಲ. ಪಕ್ಕದಲ್ಲಿ ಕಾಲೇಜು ಹುಡುಗರು ನಾಲ್ಕೈದು ಜನ ಕನ್ನಡಿ ನೋಡ್ಕೊಳ್ತಾ ನಿಂತಿದ್ದರು. ಹಳೇ ಶಿಷ್ಯ ಬೇರೆ ಎದುರಿಗೆ. ನಾನು ಕುರ್ಚಿ ಬಿಟ್ಟೆ. ಇಪ್ಪತ್ತು, ಮೂವತ್ತು... "ಸಾರ್ ಸಾಕು, ಮೊದಲ್ನೇ ದಿನ" ಅಂದ. "ಮೊಳಕಾಲ್ಮೂರಿನವನು ಕಣಯ್ಯಾ ನಾನು, ಗುಡ್ಡ ಹತ್ತಿಳಿದು ಬೆಳೆದವನು" ಅಂತ ಅರವತ್ತು ಹೊಡೆದೆ. ಹುಡುಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ನಾನು ಕೊಟ್ಟ ಬೆಲೆ ಮಾತ್ರ ಜಾಸ್ತಿಯಾಯ್ತು.

ತಮಾಷೆ ಅಂದರೆ ಸೋಮವಾರ ಇಡೀ ದಿನ ಏನೂ ಆಗಲಿಲ್ಲ. ಸಂಜೆ ಹೆಂಡತಿಗೆ ಜಂಬ ಕೊಚ್ಚಿಕೊಂಡೆ. ಮಂಗಳವಾರ ಬೆಳಿಗ್ಗೆ ತೊಡೆ ಸ್ವಲ್ಪ ಬಿಗಿ. ಬುಧವಾರದ್ದು ಮೇಲೆ ಹೇಳಿದ್ದೇನಲ್ಲ.

ಈ ನೋವು ಯಾಕೆ ತಡವಾಗಿ ಬರುತ್ತೆ ಅಂತ ಆಮೇಲೆ ಕೂತು ಓದಿದೆ (ಕೂತು ಅನ್ನೋದು ಮಾತಿಗೆ, ಮಲಗಿ ಓದಿದ್ದು). ಥಿಯೋಡರ್ ಹಫ್ ಅನ್ನೋ ಅಮೆರಿಕದ ಶರೀರಶಾಸ್ತ್ರಜ್ಞ 1902ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ಕೆಲಸ ಮಾಡಿದ ಹೊತ್ತಿನಲ್ಲಿ ಬರುವ ಸುಸ್ತೇ ಬೇರೆ, ಹನ್ನೆರಡು ಗಂಟೆಯೋ ಒಂದು ದಿನವೋ ಬಿಟ್ಟು ಶುರುವಾಗಿ ಎರಡನೇ ಮೂರನೇ ದಿನ ಜೋರಾಗುವ ಈ ನೋವೇ ಬೇರೆ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಳ್ಳುತ್ತೆ, ಅದಕ್ಕೇ ನೋವು ಅಂತ ನನಗೂ ಯಾರೋ ಹೇಳಿದ್ದರು, ನಾನೂ ಮಕ್ಕಳಿಗೆ ಹೇಳಿದ್ದೆ. ತಪ್ಪು. ಅದು ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗುತ್ತೆ. ಬುಧವಾರದ ನೋವಿಗೆ ಸೋಮವಾರದ ಆಸಿಡ್ಡನ್ನು ಬೈದು ಪ್ರಯೋಜನವಿಲ್ಲ.

ಆಗೋದು ಇಷ್ಟು. ಲಾರಿಯಿಂದ ಶೇಂಗಾ ಚೀಲ ಇಳಿಸುವ ಹಮಾಲಿಯನ್ನು ನೋಡಿದ್ದೀರಾ? ಚೀಲವನ್ನು ದೊಪ್ಪಂತ ಬಿಡೋದಿಲ್ಲ, ಹಿಡಿದು ಹಿಡಿದು ಇಳಿಸ್ತಾನೆ. ಬಸ್ಕಿಯಲ್ಲಿ ಕೆಳಗೆ ಕೂರುವಾಗ ತೊಡೆಯ ಸ್ನಾಯು ಮಾಡೋದು ಅದನ್ನೇ. ಮೈಭಾರ ಹೊತ್ತುಕೊಂಡೇ ಉದ್ದವಾಗುತ್ತಾ ಹೋಗುತ್ತೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹರುಕುಗಳಾಗುತ್ತವೆ. ಆಮೇಲೆ ರಿಪೇರಿ ಕೆಲಸ ಶುರುವಾದಾಗ ಊತ, ನೋವು. ಅದಕ್ಕೇ ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋದು ಕಷ್ಟ.

ಈಗ ಮಹಡಿ ವಿಷಯಕ್ಕೆ ಬಂದೆ. ನಮ್ಮ ಶಾಲೆಯಲ್ಲೂ ಎಂಟನೇ ಕ್ಲಾಸು ಮೇಲಿದೆ. ಆ ಬುಧವಾರ ಪಾಠ ಮುಗಿಸಿ ಮೆಟ್ಟಿಲಿಳಿಯಬೇಕು. ಒಂದು ಕಾಲು ಇಟ್ಟೆ, ಮಂಡಿ ಮಡಚಲ್ಲ ಅಂತು. ಕೊನೆಗೆ ಕಂಬಿ ಹಿಡಿದು ಹಿಮ್ಮುಖವಾಗಿ, ಏಣಿ ಇಳಿದ ಹಾಗೆ ಇಳಿದೆ. ಮಕ್ಕಳು ಸುಮ್ಮನಿರ್ತಾವಾ? ಕೆಳಗೆ ನಿಂತಿದ್ದ ಒಬ್ಬ ಚಿಲ್ಟು ಕೇಳಿಯೇಬಿಟ್ಟ, "ಸಾರ್, ನಿಮಗೆ ಯಾರು ಬಸ್ಕಿ ಹೊಡ್ಸಿದ್ರು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸ್ಟಾಫ್ ರೂಮಿಗೆ ಬಂದು ಮೆಲ್ಲಗೆ ಕುರ್ಚಿಗೆ ಒರಗುವಾಗ ಮಿಂಚು ಹೊಡೆದ ಹಾಗೆ ನೆನಪಾಯ್ತು. 2009. ಎಂಟನೇ ಕ್ಲಾಸು. ಅಶೋಕನ ಮ್ಯಾಪು.

ನನ್ನ ಊರು ಮೊಳಕಾಲ್ಮೂರು ಅಂದೆನಲ್ಲ. ಆ ತಾಲ್ಲೂಕಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಹತ್ತಿರ ಹತ್ತಿರದಲ್ಲೇ ಮೂರು ಕಡೆ ಅಶೋಕನ ಶಾಸನ ಇವೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಸಮಾಜದ ಮೇಷ್ಟ್ರಿಗೆ ಇದಕ್ಕಿಂತ ಹೆಮ್ಮೆ ಬೇಕಾ? ಪ್ರತಿವರ್ಷ ಆ ಪಾಠ ಬಂದಾಗ ನನಗೆ ಮೈಮೇಲೆ ಬರ್ತಿತ್ತು. ಶಾಸನಗಳ ಮ್ಯಾಪ್ ಬರ್ಕೊಂಡು ಬನ್ನಿ ಅಂದಿದ್ದೆ. ಒಬ್ಬ ಹುಡುಗ ತಂದಿರಲಿಲ್ಲ. ಬ್ರಹ್ಮಗಿರಿ ಎಲ್ಲಿದೆ ಅಂದೆ. "ಉತ್ತರ ಪ್ರದೇಶ ಸಾರ್" ಅಂದ. ಬಸ್ಸಿಗೆ ಕೂತರೆ ಮಧ್ಯಾಹ್ನದೊಳಗೆ ಹೋಗಿ ಬರೋ ಜಾಗವನ್ನು ಉತ್ತರ ಪ್ರದೇಶ ಅಂದನಲ್ಲ ಅಂತ ಸಿಟ್ಟು ನೆತ್ತಿಗೇರಿತು. ನೂರು ಬಸ್ಕಿ ಹೊಡೆಸಿದೆ. ಕಿವಿ ಹಿಡಿದುಕೊಂಡು. ಕ್ಲಾಸಿನವರ ಕೈಲಿ ಎಣಿಸಿದೆ.

ಮಾರನೇ ದಿನದಿಂದ ಮೂರು ದಿನ ಹುಡುಗ ಗೈರು. ನಾಲ್ಕನೇ ದಿನ ಬಂದಾಗ ಚಕ್ಕರ್ ಹೊಡೀತೀಯಾ ಅಂತ ಒಂದು ಪೀರಿಯಡ್ ಬಾಗಿಲಾಚೆ ನಿಲ್ಲಿಸಿದೆ.

ಮೂರು ದಿನ! ಯಾಕೆ ಮೂರೇ ದಿನ ಅಂತ ಹದಿನಾರು ವರ್ಷ ನನಗೆ ಹೊಳೆದಿರಲಿಲ್ಲ. ಈಗ ನನ್ನ ತೊಡೆ ಹೇಳಿಕೊಡ್ತಾ ಇತ್ತು.

ಕಾನೂನು ನನಗೆ ಗೊತ್ತು. ಶಿಕ್ಷಣ ಹಕ್ಕು ಕಾಯ್ದೆ ಅದೇ 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಬಾರದು ಅನ್ನುತ್ತೆ. ಆವತ್ತಿಂದ ನಾನು ಬಸ್ಕಿ ಹೊಡೆಸೋದು ಬಿಟ್ಟೆ. ಆದರೆ ನಿಜ ಹೇಳ್ತೀನಿ, ಬಿಟ್ಟಿದ್ದು ನೌಕರಿಗೆ ಹೆದರಿ. ಬಸ್ಕಿ ಏನು ಮಹಾ, ಬೆತ್ತದ ಏಟಲ್ಲವಲ್ಲ, ಮೈಗೂ ಒಳ್ಳೇದು ಅಂತಲೇ ಒಳಗೊಳಗೆ ಅಂದ್ಕೊಂಡಿದ್ದೆ. ಈಗ ಓದುವಾಗ ಇನ್ನೊಂದೂ ಸಿಕ್ಕಿತು. ಅಭ್ಯಾಸವಿಲ್ಲದವರು ಒಮ್ಮೆಗೇ ಮಿತಿಮೀರಿ ಮಾಡಿದರೆ ಸ್ನಾಯುವೇ ಒಡೆದು, ಅದರೊಳಗಿನ ಪದಾರ್ಥ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಬೀಳಬಹುದು. ಶಿಕ್ಷೆಗೆ ಅಂತ ಬಸ್ಕಿ ಹೊಡೆದವರಿಗೂ ಹೀಗಾಗಿದ್ದನ್ನು ಡಾಕ್ಟರುಗಳು ದಾಖಲೆ ಮಾಡಿದ್ದಾರೆ. ಮೂತ್ರ ಕೋಕಾಕೋಲಾ ಬಣ್ಣಕ್ಕೆ ತಿರುಗಿದರೆ, ಕಾಲು ತೀರಾ ಊದಿ ಬಲವೇ ಇಲ್ಲದಂತಾದರೆ ಮನೆಮದ್ದು ಮಾಡ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಅದನ್ನು ಓದಿ ಎದ್ದು ಹೋಗಿ ನನ್ನದು ಯಾವ ಬಣ್ಣ ಅಂತ ನೋಡಿಕೊಂಡು ಬಂದೆ. ಸರಿಯಾಗಿತ್ತು. ಆವತ್ತು ಆ ಹುಡುಗನದು ಯಾವ ಬಣ್ಣ ಇತ್ತೋ ಯಾರು ನೋಡಿದ್ದರು?

ಶುಕ್ರವಾರ ಜಿಮ್ಮಿಗೆ ಹೋದೆ. ನನ್ನ ನಡಿಗೆ ನೋಡಿಯೇ ಅವನಿಗೆ ಅರ್ಥವಾಯ್ತು. ಬೈಯಲಿಲ್ಲ. ಸೈಕಲ್ ಮೇಲೆ ಕೂರಿಸಿ, ಭಾರ ಹಾಕದೆ ಹತ್ತು ನಿಮಿಷ ತುಳೀರಿ ಅಂದ. ಹಾಗೆ ಹಗುರಕ್ಕೆ ಕಾಲಾಡಿಸಿದರೆ ಆ ಹೊತ್ತಿಗಾದರೂ ನೋವು ಕಮ್ಮಿಯಾಗೋದು ನಿಜ. ಸ್ಟ್ರೆಚಿಂಗ್ ಮಾಡಿದ್ದಿದ್ರೆ ನೋವೇ ಬರ್ತಿರ್ಲಿಲ್ಲ ಅಂತ ಪಕ್ಕದ ಹುಡುಗನೊಬ್ಬ ಉಪದೇಶ ಮಾಡಿದ. ಅದಕ್ಕೆ ಆಧಾರ ಕಮ್ಮಿ. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆ, ಮುಂಚೆ ಮಾಡಿದರೂ ಆಮೇಲೆ ಮಾಡಿದರೂ ಅದರಿಂದ ಈ ನೋವಿಗೆ ಹೇಳಿಕೊಳ್ಳುವಂಥ ಫರಕು ಆಗೋದಿಲ್ಲ ಅಂದಿದೆ. ನಾನು ಸುಮ್ಮನೆ ತಲೆಯಾಡಿಸಿದೆ. ಮಾತಾಡಬೇಕಾದ್ದು ಬೇರೆ ಇತ್ತು.

"ಅಶೋಕನ ಮ್ಯಾಪು ನೀನೇ ಅಲ್ವೇನಯ್ಯಾ?"

ಅವನು ನಕ್ಕ. "ಹ್ಞೂಂ ಸಾರ್. ಉತ್ತರ ಪ್ರದೇಶ."

"ಆಮೇಲೆ ಮೂರು ದಿನ ಬರ್ಲಿಲ್ಲ."

"ಬರೋಕಾಗ್ಲಿಲ್ಲ ಸಾರ್" ಅಂದ. ಟವೆಲ್ ಮಡಚ್ತಾ, ಬೇರೆ ಯಾರದೋ ಕಥೆ ಅನ್ನೋ ಹಾಗೆ ಹೇಳಿದ. "ಅವಾಗ ನಮ್ಮನೇಲಿ ಪಾಯಿಖಾನೆ ಇರ್ಲಿಲ್ಲ, ಬಯಲಿಗೆ ಹೋಗ್ಬೇಕಾಗಿತ್ತು. ಕೂರೋಕೇ ಆಗ್ತಿರ್ಲಿಲ್ಲ. ಹಿಡ್ಕೊಳ್ಳೋಕೆ ಅಲ್ಲಿ ಗೋಡೆ ಎಲ್ಲೈತೆ? ಅದಕ್ಕೇ ಎರಡು ದಿನ ಉಣ್ಣೋದು ಬಿಟ್ಟೆ. ಉಂಡ್ರೆ ತಾನೇ ಹೋಗ್ಬೇಕು? ಶೇಂಗಾ ಕೀಳೋ ಟೈಮು ಬೇರೆ, ಹೊಲಕ್ಕೂ ಬರ್ಲಿಲ್ಲ ಅಂತ ಅಪ್ಪಂದು ಎರಡೇಟು ಬಿತ್ತು."

ನನ್ನ ಕಾಲು ತುಳೀತಾನೇ ಇತ್ತು. ನಿಲ್ಲಿಸೋಕೆ ತೋಚಲಿಲ್ಲ. ತಪ್ಪಾಯ್ತು ಕಣಪ್ಪ ಅಂದೆ. ಸರಿಯಾಗಿ ಬಾಯಿಂದ ಹೊರಡಲೇ ಇಲ್ಲ, ಇನ್ನೊಂದು ಸಲ ಅಂದೆ.

"ಅಯ್ಯೋ ಬಿಡಿ ಸಾರ್, ಯಾವ ಕಾಲದ್ದೋ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ಸೋಮವಾರ ಸಾಕು ಸಾಕು ಅಂದಿದ್ದು, ನೀವು ಕೇಳ್ಲಿಲ್ಲ" ಅಂದ.

ಆ ಭಾನುವಾರ ಅಮ್ಮನ್ನ ನೋಡೋಕೆ ಮೊಳಕಾಲ್ಮೂರಿಗೆ ಹೋದೆ. ಬಸ್ಸಿಂದ ಇಳಿಯೋ ಹೊತ್ತಿಗೆ ಕಾಲು ಮುಕ್ಕಾಲು ಪಾಲು ನನ್ನ ಮಾತು ಕೇಳ್ತಿತ್ತು. ನಮ್ಮಪ್ಪ ರೇಷ್ಮೆ ಸೀರೆ ನೇಯ್ತಿದ್ದವರು. ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಕೈಮಗ್ಗ, ಕಾಲು ಗುಂಡಿಯೊಳಗೆ, ದಿನವೆಲ್ಲ ತುಳಿತ. ಅಮ್ಮ ಕಂಡಿಕೆ ಸುತ್ತೋದು, ಸುಗ್ಗಿಯಲ್ಲಿ ಶೇಂಗಾ ಕೀಳೋಕೆ ಕೂಲಿ ಹೋಗೋದು. ನನ್ನ ಕಥೆ ಕೇಳಿ ಶೇಂಗಾ ಎಣ್ಣೆ ಬಿಸಿ ಮಾಡಿ ತಂದಳು. "ಶೇಂಗಾ ಕೀಳೋವಾಗ್ಲೂ ಹಂಗೇ. ಮೊದಲ್ನೇ ವಾರ ಸೊಂಟ ಮುರದು ಹಾಕ್ತೈತೆ. ಹೆದರಿ ಮನೇಲಿ ಕೂತ್ರೆ ಮುಂದಿನ ಸಲವೂ ಅಷ್ಟೇ ನೋವು. ದಿನಾ ಒಸಿ ಒಸಿ ಹೋಗ್ತಿದ್ರೆ ಆಮೇಲೆ ಬರೋದೇ ಇಲ್ಲ" ಅಂದಳು. ವ್ಯಾಯಾಮ ಶಾಸ್ತ್ರದ ಪುಸ್ತಕಗಳೂ ಇದನ್ನೇ ಹೇಳ್ತವೆ. ಒಮ್ಮೆ ನೊಂದ ಸ್ನಾಯುವಿಗೆ ಅದೇ ಕೆಲಸ ಎರಡನೇ ಸಲ ಅಷ್ಟು ನೋವು ಕೊಡಲ್ಲ, ಆ ರಕ್ಷಣೆ ವಾರಗಟ್ಟಲೆ ಉಳಿಯುತ್ತೆ. ಅಮ್ಮ ಓದಿಲ್ಲ. ಎಣ್ಣೆ ತಿಕ್ಕುವಾಗ ನಾನು ಕೂಗಿಕೊಂಡಿದ್ದನ್ನು ಪಕ್ಕದ ಮನೆಯವರಿಗೆಲ್ಲ ಹೇಳಿ ನಕ್ಕಳು.

ವಾಪಸ್ ಬಂದ ಮೇಲೆ ಟ್ರೇನರ್‌ಗೆ ಕೇಳಿದೆ, ಬ್ರಹ್ಮಗಿರಿ ನೋಡಿದ್ದೀಯಾ? ಇಲ್ಲ ಸಾರ್ ಅಂದ. ಮುಂದಿನ ಭಾನುವಾರ ಅವನ ಬೈಕಲ್ಲಿ ಹೊರಟ್ವಿ.

ಅಲ್ಲಿ ಆ ಬಂಡೆಗೆ ಊರವರು ಅಕ್ಷರ ಗುಂಡು ಅಂತಿದ್ದರಂತೆ. ಈಗ ಮೇಲೆ ಸೂರು ಕಟ್ಟಿ ಕಾಪಾಡಿದ್ದಾರೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ತನ್ನ ಕಸುಬು ಲಿಪಿಕಾರ ಅನ್ನೋದನ್ನು ಮಾತ್ರ ವಾಯವ್ಯದ ಕಡೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಷ್ಟು ದೂರದ ಲಿಪಿ ಕಲಿತವನು ನಮ್ಮ ಬಿಸಿಲಿಗೆ ಬಂದು ಕಲ್ಲಿನ ಮೇಲೆ ಬಗ್ಗಿ ಕೂತಿದ್ದನಲ್ಲ, ಅವನ ಸೊಂಟ ಎಷ್ಟು ದಿನ ಹಿಡ್ಕೊಂಡಿತ್ತೋ.

ಹುಡುಗನಿಗೆ ಅರ್ಥ ಹೇಳಿದೆ. ಅಶೋಕ ಅಲ್ಲಿ ಹೇಳಿಕೊಳ್ಳೋದು ಏನು ಗೊತ್ತಾ? ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯ್ತು, ಆದರೆ ಒಂದು ವರ್ಷ ನಾನು ಅಷ್ಟೇನೂ ಶ್ರಮ ಪಡಲಿಲ್ಲ ಅಂತ. "ಅಂದ್ರೆ ದುಡ್ಡು ಕಟ್ಟಿ ಜಿಮ್ಮಿಗೆ ಬರ್ದೇ ಇರೋರ ಥರ" ಅಂದ ಅವನು. ಹದಿನಾರು ವರ್ಷ ಪಾಠ ಮಾಡಿದರೂ ನನಗೆ ಇಷ್ಟು ಚೆನ್ನಾಗಿ ಹೇಳೋಕೆ ಬಂದಿರಲಿಲ್ಲ. ಮುಂದಿನ ಭಾಗದಲ್ಲಿ ಶಿಷ್ಯ ಗುರುವಿಗೆ ಗೌರವ ಕೊಡಬೇಕು ಅನ್ನೋ ಮಾತಿದೆ, ಅದನ್ನು ನಾನು ಕ್ಲಾಸಿನಲ್ಲಿ ವರ್ಷಾ ವರ್ಷಾ ಒತ್ತಿ ಹೇಳ್ತಿದ್ದೆ. ಅದಕ್ಕೂ ಮುಂಚೆ ಪ್ರಾಣಿಗಳ ಮೇಲೆ ದಯೆ ಇರಲಿ ಅನ್ನೋದೂ ಇದೆ. ಈ ಸಲ ಅವನಿಗೆ ಎರಡನ್ನೂ ಓದಿ ಹೇಳಿದೆ. ಅವನೇನೂ ಅನ್ನಲಿಲ್ಲ, ಮೊಬೈಲಲ್ಲಿ ಫೋಟೋ ತೆಗೀತಿದ್ದ.

ಆಮೇಲೆ ಜಟಿಂಗ ರಾಮೇಶ್ವರ ಹತ್ತಿದ್ವಿ. ರಾವಣನ ಜೊತೆ ಕಾದಾಡಿ ಜಟಾಯು ಬಿದ್ದ ಜಾಗ ಅನ್ನೋ ಬೆಟ್ಟ. ಮೇಲೆ ಅಶೋಕನ ಮೂರನೇ ಶಾಸನ, ಬಳೆಗಾರ ಗುಂಡು ಅಂತಾರೆ, ಅಕ್ಷರ ತುಂಬಾ ಸವೆದಿದೆ. ಹತ್ತುವಾಗ ಅವನು ಮುಂದೆ, ನಾನು ಏದುಸಿರು ಬಿಡ್ತಾ ಹಿಂದೆ. ಇಳಿಯುವಾಗ ಮಾತ್ರ ಅವನು ನನ್ನಿಂದ ಒಂದು ಮೆಟ್ಟಿಲು ಕೆಳಗೆ, ಅಡ್ಡ ತಿರುಗಿಕೊಂಡು, ಕೈ ಹಿಡಿಯೋ ದೂರದಲ್ಲೇ ಇಳಿದ. ಬಿದ್ದರೆ ಹಿಡ್ಕೊಳ್ಳೋಕೆ ಅಂತ ಬಾಯಿ ಬಿಟ್ಟು ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಐದೂವರೆಗೇ ಫೋನು.

"ಸಾರ್, ಇವತ್ತು ಅರ್ಧ ಗಂಟೆ ಲೇಟಾಗಿ ಬರ್ರಿ. ಬೆಟ್ಟ ಇಳಿದಿದ್ದಕ್ಕೆ ತೊಡೆ, ಮೀನಖಂಡ ಎಲ್ಲಾ ಹಿಡ್ಕೊಂಡ್ಬಿಟ್ಟೈತೆ. ಜಿಮ್ಮಿನ ಮೆಟ್ಟಿಲು ಹತ್ತೋಕೆ ಟೈಮ್ ಬೇಕು."

ದಿನಾ ನೂರು ಕೆಜಿ ಹೆಗಲ ಮೇಲಿಟ್ಟು ಬಸ್ಕಿ ಹೊಡೆಯೋ ಹುಡುಗ! ನನಗೂ ನೋವಿತ್ತು, ಆದರೆ ಗೋಡೆ ಹಿಡಿಯದೆ ಕೂತು ಎದ್ದು ಬಂದಿದ್ದೆ. ಶೇಂಗಾ ಎಣ್ಣೆ ಬಿಸಿ ಮಾಡಿ ಸಣ್ಣ ಬಾಟಲಿಗೆ ತುಂಬಿಸಿಕೊಂಡು, ಸ್ಕೂಟರ್ ತೆಗೆದೆ.